ಒಳಗೆ ಬಿಟ್ಟ ಎರಡು ಇಂಚು

ನಂಜನಗೂಡು
ಭಾನುವಾರ, 6 ಅಕ್ಟೋಬರ್ 2024, ಮಧ್ಯಾಹ್ನ

ಪ್ರೀತಿಯ ಮಗ ನಟರಾಜನಿಗೆ,

ನಿನ್ನ ಅವ್ವ ಬರೆಯುತ್ತಿದ್ದೇನೆ. ಹೇಗಿದ್ದೀಯಪ್ಪ? ಘಾಟಿಯಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ ಅಂತ ಟಿ.ವಿ.ಯಲ್ಲಿ ಹೇಳಿದರು. ಕಾಲ್ಬೆರಳ ಸಂದಿಯ ಹುಣ್ಣು ವಾಸಿಯಾಯಿತೇ? ದಿನವೆಲ್ಲ ಒದ್ದೆ ಬೂಟಿನಲ್ಲಿ ಹಳಿ ನೋಡುತ್ತಾ ನಡೆಯುವವನು ಕ್ವಾರ್ಟರ್ಸಿಗೆ ಬಂದ ಕೂಡಲೇ ಕಾಲು ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬೇಕು ಎಂದು ಹೇಳಿ ಕಳಿಸಿದ್ದೆ. ನೀನು ಹಚ್ಚಿಕೊಳ್ಳುತ್ತಿಲ್ಲ ಎನ್ನುವುದೂ ನನಗೆ ಗೊತ್ತು. ಚಿಕ್ಕವನಿದ್ದಾಗಿಂದ ಎಣ್ಣೆ ಕಂಡರೆ ಓಡುವವನು ನೀನು. ಮೇ ತಿಂಗಳಲ್ಲಿ ಕೊಟ್ಟ ಹುರುಳಿಕಾಳಿನ ಪುಡಿ ಮುಗಿದಿದ್ದರೆ ಹೇಳು, ನವೆಂಬರಿನಲ್ಲಿ ಬಂದಾಗ ಕಟ್ಟಿಕೊಡುತ್ತೇನೆ.

ಇಲ್ಲಿ ನಾವೆಲ್ಲರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಕೆಮ್ಮು ಹೋಗಿದೆ, ಬೀಡಿ ಮಾತ್ರ ಹೋಗಿಲ್ಲ. ಕವನ ಎಲ್.ಕೆ.ಜಿ.ಯಲ್ಲಿ ರೈಲಿನ ಚಿತ್ರ ಬರೆದು ಅದರ ಹಿಂದೆ ಒಬ್ಬ ಗಂಡಸನ್ನು ಬರೆದಿದ್ದಾಳೆ. ಯಾರು ಎಂದು ಮಿಸ್ಸು ಕೇಳಿದರೆ "ನಮ್ಮಪ್ಪ, ರೈಲು ತಳ್ತಾರೆ" ಅಂದಳಂತೆ. ತಿದ್ದಲು ಹೋಗಲಿಲ್ಲ. ಹಬ್ಬದ ಹೊಲಿಗೆ ಬೇಕಾದಷ್ಟು ಬಂದಿದೆ. ಆಯುಧಪೂಜೆಗೆ ಮೊದಲು ಹದಿನೆಂಟು ರವಿಕೆ ಕೊಡಬೇಕು. ಆದರೂ ಈ ಮಧ್ಯಾಹ್ನ ಮಿಷನ್ನಿಗೆ ಬಟ್ಟೆ ಮುಚ್ಚಿ ಕಾಗದ ಹಿಡಿದು ಕೂತಿದ್ದೇನೆ ಎಂದರೆ ವಿಷಯ ಸಣ್ಣದಲ್ಲ ಎಂದು ತಿಳಿದುಕೋ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬಹುದು ನೀನು. ನಿನ್ನ ಕಡೆ ಸಿಗ್ನಲ್ ಎರಡು ಮಾತಿಗೆ ಬಂದು ಮೂರನೆಯದಕ್ಕೆ ಹೋಗುತ್ತದೆ. ನಮ್ಮ ಕಡೆ ನಿಮ್ಮಪ್ಪ ಫೋನನ್ನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿ ಇಟ್ಟುಬಿಡುತ್ತಾರೆ, ಪಕ್ಕದ ಮನೆಯವರೂ ಬಾಗಿಲಲ್ಲಿ ನಿಂತು ನಿನ್ನ ಯೋಗಕ್ಷೇಮ ಕೇಳುತ್ತಾರೆ. ಇದು ಸ್ಪೀಕರಿನಲ್ಲಿ ಆಡುವ ಮಾತಲ್ಲ. ಎದುರಿಗೆ ಕೂರಿಸಿಕೊಂಡು ಆಡುವ ಮಾತೂ ಅಲ್ಲ. ತಾಯಿಯಾದವಳು ಬೆಳೆದ ಮಗನ ಮುಖ ನೋಡಿಕೊಂಡು ಕೆಲವನ್ನು ಹೇಳಲಾರಳು, ಕಾಗದದ ಮೇಲಾದರೆ ಹೇಳಬಹುದು. ನೀನೂ ಇದನ್ನು ಗ್ಯಾಂಗಿನವರ ಮುಂದೆ ಓದಬೇಡ, ಒಬ್ಬನೇ ಕೂತು ಓದು.

ಮೊದಲು ಸಂತೋಷದ ಸುದ್ದಿ. ನಿನ್ನ ಹೆಂಡತಿ ಪವಿತ್ರ ತೂಕ ಇಳಿದಿದ್ದಾಳೆ. ಏಪ್ರಿಲ್ ತಿಂಗಳಲ್ಲಿ ಆಸ್ಪತ್ರೆಯ ತಕ್ಕಡಿಯಲ್ಲಿ ಎಪ್ಪತ್ತು ಕೆ.ಜಿ. ಇದ್ದವಳು ಮೊನ್ನೆ ಶುಕ್ರವಾರ ಅದೇ ತಕ್ಕಡಿಯಲ್ಲಿ ಅರವತ್ತಮೂರು. ಕಾಯಿಲೆಯಿಂದ ಇಳಿದದ್ದಲ್ಲ, ಹಸಿದುಕೊಂಡು ಇಳಿದದ್ದೂ ಅಲ್ಲ. ಮುಖದಲ್ಲಿ ಕಳೆ ಇದೆ, ಕವನಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಹಡಿ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾಳೆ. ಮೇ ತಿಂಗಳಲ್ಲಿ ನೀನು ಬಂದಾಗ ಇನ್ನೂ ಏನೂ ಇಳಿದಿರಲಿಲ್ಲ. ಆಮೇಲೆ ಮಳೆಗಾಲದ ಗಸ್ತು ಅಂತ ನಿನಗೆ ರಜೆ ಸಿಗಲಿಲ್ಲ. ಹಾಗಾಗಿ ನೀನು ನೋಡಿಲ್ಲ.

ಏಪ್ರಿಲಿನಲ್ಲಿ ಏನಾಯಿತು ಎಂದು ನಾವು ನಿನಗೆ ಪೂರ್ತಿ ಹೇಳಿಲ್ಲ. ಬಿಸಿಲಿಗೆ ತಲೆ ಸುತ್ತು ಬಂತು ಅಂತ ಹೇಳಿ ಮುಗಿಸಿದೆವು. ಈಗ ಪೂರ್ತಿ ಬರೆಯುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ, ನಿನ್ನದೂ ಇದೆ. ನನ್ನದನ್ನು ಮೊದಲು ಬರೆಯುತ್ತೇನೆ, ದೊಡ್ಡವಳು ನಾನು.

ನಿನಗೆ ಗೊತ್ತಿರುವ ಹಾಗೆ ನಾನು ಮೂವತ್ತೊಂದು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಟಿ. ನರಸೀಪುರದಲ್ಲಿ ನಮ್ಮ ಬೀದಿಗೇ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ ನಾನು. ಮುಂದೆ ಓದಿಸಲು ಆಗದೆ ನಮ್ಮಪ್ಪ ಶಿವನಂಜಮ್ಮ ಮೇಡಂ ಹತ್ತಿರ ಹೊಲಿಗೆಗೆ ಹಾಕಿದರು. ಅವರು ಕಲಿಸಿದ ಮೊದಲ ಪಾಠ: "ಹೆಂಗಸಿನ ಮೈ ಒಂದೇ ಸಮ ಇರೋದಿಲ್ಲ ಕಣವ್ವ, ಒಳಗೆ ಎರಡು ಇಂಚು ಬಿಟ್ಟಿರು." ಅವತ್ತಿನಿಂದ ನಾನು ಹೊಲಿದ ಯಾವ ರವಿಕೆಯ ಪಕ್ಕದ ಹೊಲಿಗೆಯನ್ನು ತಿರುಗಿಸಿ ನೋಡಿದರೂ ಎರಡು ಇಂಚು ಬಟ್ಟೆ ಒಳಗೆ ಮಡಿಚಿರುತ್ತದೆ. ಮದುವೆಯಾದವಳು ತುಂಬಿಕೊಂಡರೆ, ಬಸುರಿಯಾದರೆ, ಹೊಲಿಗೆ ಬಿಚ್ಚಿದರಾಯಿತು, ರವಿಕೆ ದಕ್ಕುತ್ತದೆ. ಈಗಿನ ಹುಡುಗಿಯರು "ಆಂಟಿ, ಒಳಗಡೆ ಚುಚ್ಚುತ್ತೆ, ಕಟ್ ಮಾಡಿ" ಅಂತಾರೆ. ಬೇರೆ ಟೈಲರ್ ನೋಡಿಕೊಳ್ಳಿ ಎನ್ನುತ್ತೇನೆ. ಒಂದು ದಿನವೂ ಕತ್ತರಿಸಿದವಳಲ್ಲ.

ಅಳತೆ ಪುಸ್ತಕವೂ ಹಾಗೆಯೇ, ಈ ಬೀದಿಯ ಹೆಂಗಸರ ಜಾತಕವೆಲ್ಲ ಅದರಲ್ಲಿದೆ ಎನ್ನುವ ಜಂಭ ನನಗೆ. ಟೇಪು ಸುತ್ತಿದರೆ ಸಾಕು, ಯಾರಿಗೆ ಎಷ್ಟು ತಿಂಗಳು ಎಂದು ಅವರ ಗಂಡನಿಗಿಂತ ಮೊದಲು ಹೇಳುತ್ತೇನೆ. ಹೋದ ವರ್ಷ ಗೌರಿ ಹಬ್ಬಕ್ಕೆ ಪವಿತ್ರಳ ಅಳತೆ ತೆಗೆದೆ. ಮೂವತ್ತನಾಲ್ಕು ಇದ್ದದ್ದು ಮೂವತ್ತಾರು ಆಗಿತ್ತು, ಸೊಂಟವೂ ಬೆಳೆದಿತ್ತು. ನೀನು ಆಗ ತಾನೇ ಬಂದು ಹೋಗಿದ್ದೆ. ಬಸುರಿಯೇ ಎಂದುಕೊಂಡೆ. ಅವಳಾಗಿ ಹೇಳಲಿ ಎಂದು ಸುಮ್ಮನಿದ್ದು, ಬಸುರಿಗೆ ಹೊಲಿಯುವ ಹಾಗೆ ಪಕ್ಕಕ್ಕೆ ಮೂರು ಸಾಲು ಹೊಲಿಗೆ ಹಾಕಿ ರವಿಕೆ ಕೊಟ್ಟೆ, ತಿಂಗಳು ತುಂಬುತ್ತಾ ಒಂದೊಂದೇ ಸಾಲು ಬಿಚ್ಚಿಕೊಳ್ಳಲಿ ಅಂತ. ಅಷ್ಟಕ್ಕೇ ನಿಲ್ಲಲಿಲ್ಲ. ಟಿ. ನರಸೀಪುರಕ್ಕೆ ಹೋಗಿ ನಿನ್ನ ದೊಡ್ಡವ್ವನಿಗೆ, ಎರಡನೆಯದು ಆಗುತ್ತಿದೆ, ಗಂಡೇ ಇರಬೇಕು ಎಂದು ಹೇಳಿಬಂದೆ.

ಅವಳು ಯಾರಿಗೆ ಹೇಳಲಿಲ್ಲ ಎಂದು ಕೇಳು. ಡಿಸೆಂಬರಿನಲ್ಲಿ ಅವಳ ಮೈದುನನ ಮದುವೆಗೆ ಹೋದೆವಲ್ಲ, ಪವಿತ್ರಳ ಅಳತೆ ಆಗ ಮೂವತ್ತೆಂಟಾಗಿತ್ತು, ಆದರೆ ಮಗುವಿನ ಸುಳಿವಿಲ್ಲ. ಊಟಕ್ಕೆ ಕೂತ ಸಾಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ನಿನ್ನ ದೊಡ್ಡವ್ವ "ಎಲ್ಲವ್ವಾ ನಿನ್ನ ಮೊಮ್ಮಗ, ಟೇಪ್ನಲ್ಲೇ ಉಟ್ಟು ಟೇಪ್ನಲ್ಲೇ ಓದ್ನಾ?" ಅಂದಳು. ಎಲೆ ಮುಂದೆ ಕೂತವರೆಲ್ಲ ನಕ್ಕರು. ನನ್ನ ಮಾತು ಸುಳ್ಳಾಯಿತಲ್ಲ ಎನ್ನುವ ಸಿಟ್ಟು. ಆ ಸಿಟ್ಟನ್ನು ನಾನು ತೀರಿಸಿಕೊಂಡದ್ದು ಪವಿತ್ರಳ ತಟ್ಟೆಯ ಮೇಲೆ. ಬಸುರಿಯಲ್ಲದಿದ್ದರೆ ಹೊಟ್ಟೆಬಾಕತನವೇ ಸೈ ಎಂದು ತೀರ್ಮಾನ ಮಾಡಿಬಿಟ್ಟೆ. ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡರೆ "ಸೊಸೈಟಿ ಅಕ್ಕಿಯೆಲ್ಲಾ ನಿನ್ನ ತೋಳಿಗೇ ಇಳೀತಾ ಅದಲ್ಲವ್ವ" ಎಂದೆ. ಹೊಲಿಗೆ ಬಿಚ್ಚಿಕೊಡಿ ಎಂದು ರವಿಕೆ ತಂದರೆ "ಇನ್ನು ಬಿಚ್ಚಾಕೆ ಏನುಳ್ದದೆ, ಪರದೆ ಬಟ್ಟೆ ತಕ್ಕೊಂಡು ಬಾ" ಎಂದೆ. ಅವಳು ತಿರುಗಿ ಒಂದು ಮಾತಾಡಲಿಲ್ಲ. ಮೂಗೂರಿನಲ್ಲಿ ಅವಳ ತಾಯಿ ಹಾಗೆ ಬೆಳೆಸಿದ್ದಾರೆ. ತಿರುಗಿ ಮಾತಾಡಿದ್ದರೆ ನನಗೆ ಬುದ್ಧಿ ಬೇಗ ಬರುತ್ತಿತ್ತೋ ಏನೋ.

ಈಗ ನಿನ್ನ ಪಾಲು. ಸಂಕ್ರಾಂತಿಯ ದಿನ ಸಿಗ್ನಲ್ ಚೆನ್ನಾಗಿತ್ತು, ನೀನು ವಿಡಿಯೋ ಕಾಲ್ ಮಾಡಿದ್ದೆ. ಹೊಸ ಸೀರೆ ಉಟ್ಟು ನಿಂತವಳನ್ನು ನೋಡಿ "ಏನಮ್ಮಿ, ನಾನು ಬರೋವೊತ್ಗೆ ಮನೆ ಬಾಗ್ಲು ಅಗಲ ಮಾಡುಸ್ಬೇಕಾ?" ಅಂದೆ. ಇಲ್ಲಿ ನಿಮ್ಮಪ್ಪ ನಕ್ಕರು, ನಾನೂ ನಕ್ಕೆ. ಅವಳೂ ನಕ್ಕಳು. ಆ ಸಾಯಂಕಾಲದಿಂದ ಅವಳು ರಾತ್ರಿಯೂಟ ಬಿಟ್ಟಳು. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲೇ ತಿಂದು ಬಂದೆ ಎನ್ನುತ್ತಿದ್ದಳು. ಆಮೇಲೆ ಜೊತೆಯಲ್ಲಿ ಕೆಲಸ ಮಾಡುವ ಯಾವಳೋ ಫೋನಿನಲ್ಲಿ ತರಿಸಿಕೊಟ್ಟ ತೂಕ ಇಳಿಸುವ ಪುಡಿಯನ್ನು ಬೆಳಿಗ್ಗೆ ತಿಂಡಿ ಬಿಟ್ಟು ಕುಡಿಯಲು ಶುರು ಮಾಡಿದಳು. ನಾನು ಅದನ್ನು ಕಷಾಯ ಎಂದುಕೊಂಡೆ. ಏಪ್ರಿಲ್ ಹದಿನೈದರ ಸೋಮವಾರ ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಾ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದುಬಿಟ್ಟಳು. ಆಟೋ ರಾಜು ನೋಡಿ ಆಸ್ಪತ್ರೆಗೆ ಸೇರಿಸಿ ನನ್ನನ್ನು ಕರೆದುಕೊಂಡು ಹೋಗಲು ಓಡಿಬಂದ.

ಅಲ್ಲಿ ಲೇಡಿ ಡಾಕ್ಟರು ಕಣ್ಣು ಬಿಡಿಸಿ ನೋಡಿ ರಕ್ತ ಕಡಿಮೆ ಇದೆ ಎಂದರು. ಏನಾದರೂ ಔಷಧಿ ತಗೋತಿದ್ದೀಯಾ ಎಂದು ಕೇಳಿದರು. ಪವಿತ್ರ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಡಾಕ್ಟರು ನನ್ನನ್ನು ಹೊರಗೆ ಕಳಿಸಿದರು. ಬಾಗಿಲ ಹೊರಗೆ ನಿಂತೆ. ಸೊಸೆ ಬಾಯಿ ಬಿಡುವುದಕ್ಕೆ ಅತ್ತೆಯನ್ನು ಹೊರಗೆ ಹಾಕಬೇಕಾಯಿತಲ್ಲ ಎಂದು ಆ ಹೊತ್ತಿನಲ್ಲಿ ಅನ್ನಿಸಿದ್ದು ನನಗೆ ಈಗಲೂ ಮರೆತಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ "ಅತ್ತೆನೂ ಒಳಕ್ಕೆ ಬರ್ಲಿ ಮೇಡಂ" ಎಂದಳು. ಮಲಗಿದ್ದಲ್ಲಿಂದಲೇ ಹೇಳಿದಳು: ಮಕ್ಕಳಾಗದ ಹಾಗೆ ಮೂರು ತಿಂಗಳಿಗೊಂದು ಇಂಜೆಕ್ಷನ್, ನೀನು ರೈಲ್ವೆಗೆ ಸೇರಿದಾಗಿನಿಂದ, ಇದುವರೆಗೆ ಆರು ಸಲ. ಕೊನೆಯದು ಮಾರ್ಚಿನಲ್ಲಿ. "ಅವ್ರಿಗೆ ಗೊತ್ತು. ನಿಮ್ಗೆ ಏಳೋಕೆ ಭಯ ಆಯ್ತು."

ಇನ್ನೊಂದಾಗಲಿ, ಇನ್ನೊಂದಾಗಲಿ ಎಂದು ಕವನ ನಡೆಯಲು ಕಲಿತಾಗಿನಿಂದ ಜಪ ಮಾಡಿದವಳು ನಾನೇ. ನೀವಿಬ್ಬರೂ ನಿನ್ನ ಕೆಲಸ ಕಾಯಂ ಆಗಿ ಹತ್ತಿರಕ್ಕೆ ವರ್ಗವಾಗಲಿ ಎಂದು ಕಾಯುತ್ತಿದ್ದಿರಂತೆ. ತಪ್ಪೇನಿಲ್ಲ. ಡಾಕ್ಟರು ಬಿಡಿಸಿ ಹೇಳಿದರು. ಇಂಜೆಕ್ಷನ್ನು ಕೆಟ್ಟದ್ದಲ್ಲ, ಬಹಳ ಜನಕ್ಕೆ ಒಗ್ಗುತ್ತದೆ, ಕೆಲವರಿಗೆ ಮಾತ್ರ ಮೈ ಬರುತ್ತದೆ, ಇವಳಿಗೆ ಬಂದಿರುವ ಹಾಗೆ ಕಾಣುತ್ತದೆ. ಬೇಡವೆಂದರೆ ಮುಂದಿನದನ್ನು ಬಿಡಬಹುದು, ಆದರೆ ಅದರ ಗುಣ ಮೈಯಲ್ಲಿ ಇನ್ನೂ ಕೆಲವು ತಿಂಗಳು ಇರುತ್ತದೆ, ತೂಕ ನಿಧಾನಕ್ಕೆ ಇಳಿಯುತ್ತದೆ, ಉಪವಾಸ ಮಾಡಿದರೆ ಇಳಿಯುವುದು ರಕ್ತ ಎಂದರು. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಗುರುಸಿದ್ದಮ್ಮ ಆ ವಾರ ರವಿಕೆ ತೆಗೆದುಕೊಳ್ಳಲು ಬಂದಾಗ, ಗೊತ್ತಿದ್ದೂ ನನಗೇಕೆ ಹೇಳಲಿಲ್ಲ ಎಂದು ಜಗಳ ಮಾಡಿದೆ. ಅವಳು ತಣ್ಣಗೆ "ನಾನು ಏಳೋ ಅಂಗಿಲ್ಲ ಅಕ್ಕ. ನಿಮ್ ಪುಸ್ತಕನೇ ಕೇಳಿ" ಎಂದು, ತಾವೇ ಎಲ್ಲರಿಗೂ ಹೇಳಿಕೊಂಡು ತಿರುಗುವ ಇಬ್ಬರ ಹೆಸರು ಹೇಳಿದಳು. ಪುಸ್ತಕ ತೆಗೆದೆ. ಅದೇ ಇಂಜೆಕ್ಷನ್, ಒಬ್ಬಳು ಎರಡು ಇಂಚು ಏರಿದ್ದಾಳೆ, ಇನ್ನೊಬ್ಬಳು ಎರಡು ವರ್ಷದಿಂದ ಒಂದೇ ಅಳತೆ. ಅಂಕಿ ಎಲ್ಲ ನನ್ನ ಕೈಬರಹದಲ್ಲೇ ಇತ್ತು. ಟೇಪು ಸುಳ್ಳು ಹೇಳಿರಲಿಲ್ಲ, ಓದಿದವಳು ತಪ್ಪು ಓದಿದ್ದಳು.

ತಪ್ಪಾಯಿತು ಎಂದು ಹೇಳುವ ಅಭ್ಯಾಸ ನನ್ನ ಬಾಯಿಗಿಲ್ಲ, ನಿನಗೆ ಗೊತ್ತು. ಆ ಪುಡಿಯನ್ನು ಬಚ್ಚಲಿಗೆ ಸುರಿದೆ. ರಾತ್ರಿ ಎಲ್ಲರಿಗೂ ಒಟ್ಟಿಗೆ ತಟ್ಟೆ ಹಾಕಿ, ಪವಿತ್ರಳಿಗೆ ಮೊದಲು ಮುದ್ದೆ ಇಟ್ಟು, ಸೊಪ್ಪಿನ ಬಸ್ಸಾರು ಬಿಟ್ಟು, ಅವಳು ಉಣ್ಣುವವರೆಗೆ ನಾನು ತುತ್ತು ಮುರಿಯಲಿಲ್ಲ. ನಿಮ್ಮಪ್ಪ ಒಂದು ಸಲ ಅವಳ ಮುಖ, ಒಂದು ಸಲ ನನ್ನ ಮುಖ ನೋಡಿ, ಇಲ್ಲೇನೋ ಇದೆ ಎಂದು ತಟ್ಟೆ ಎತ್ತಿಕೊಂಡು ಜಗಲಿಗೆ ಹೋದರು. ಮಾರನೆಯ ದಿನ ಸಾಯಂಕಾಲ ಅವಳು ಫ್ಯಾಕ್ಟರಿ ಬಸ್ಸಿಳಿದು ಬರುವಾಗ ಚಪ್ಪಲಿ ಮೆಟ್ಟಿಕೊಂಡು ಬೀದಿ ತುದಿಯಲ್ಲಿ ನಿಂತಿದ್ದೆ. ನಡಿ ಎಂದೆ. ಸ್ನಾನಘಟ್ಟದವರೆಗೆ ನಡೆದೆವು, ಕಪಿಲೆಯ ನೀರು ನೋಡಿಕೊಂಡು ಸ್ವಲ್ಪ ಹೊತ್ತು ಕೂತು ವಾಪಸು ಬಂದೆವು. ಮೊದಲ ವಾರ ಇಬ್ಬರಿಗೂ ಮಾತಿಲ್ಲ. ಎರಡನೇ ವಾರ ಅವಳು ಸೂಪರ್‌ವೈಸರನ ನಡಿಗೆ ಅಣಕಿಸಿ ತೋರಿಸಿದಳು. ಇಷ್ಟು ನಗಿಸುವ ಹುಡುಗಿ ಎಂದು ಆರು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ ಕಣೋ. ಮೆಡಿಕಲ್ ಸ್ಟೋರಿನ ಶಿವಮಲ್ಲಪ್ಪ ದಿನಾ ನೋಡಿ ನೋಡಿ "ಏನ್ ಮಂಗಳಮ್ಮ, ಅತ್ತೆ ಸೊಸೆ ಮುನ್ಸಿಪಾಲ್ಟಿ ಎಲೆಕ್ಷನ್ಗೆ ನಿಂತಿದ್ದೀರಾ?" ಎಂದು ಕೇಳಿದ. ನಿಂತರೆ ನಿನ್ನ ಓಟು ಬೇಡ ಎಂದೆ.

ಮೂರು ತಿಂಗಳು ಏನೂ ಇಳಿಯಲಿಲ್ಲ. ಅವಳು ಕಣ್ಣಲ್ಲಿ ನೀರು ಹಾಕಿಕೊಂಡು "ಇಳೀತಾನೇ ಇಲ್ವಲ್ಲ ಅತ್ತೆ" ಎಂದರೆ "ಒಂದೂವರೆ ವರ್ಷ ಏರಿದ್ದು, ಇಳಿಯೋಕೂ ಟೈಮ್ ಕೊಡು, ಅದೇನು ಬಸ್ಸಾ" ಎನ್ನುತ್ತಿದ್ದೆ. ಅವಳ ಅಳತೆಯನ್ನು ನಾನು ತೆಗೆಯುವುದು ಬಿಟ್ಟೆ. ಟೇಪನ್ನೂ ಪುಸ್ತಕವನ್ನೂ ಅವಳ ಕೈಗೆ ಕೊಟ್ಟು, ನೀನೇ ಅಳೆದುಕೋ, ನೀನೇ ಬರಿ, ನೋಡು ಅಂದರೆ ನೋಡುತ್ತೇನೆ ಎಂದೆ. ಆ ಪುಟದಲ್ಲಿ ಈಗ ಅವಳ ಅಕ್ಷರವಿದೆ. ಜುಲೈನಲ್ಲಿ ಮೂವತ್ತೇಳೂವರೆ. ಆಗಸ್ಟಿನಲ್ಲಿ ಮೂವತ್ತಾರೂಮುಕ್ಕಾಲು. ಈ ತಿಂಗಳು ಮೂವತ್ತೈದೂವರೆ. ಹೇಳುವುದು ಮರೆತೆ, ಆ ನಡಿಗೆಯಿಂದ ನನ್ನ ಮಂಡಿನೋವೂ ಅರ್ಧ ಹೋಗಿದೆ. ನನ್ನ ರವಿಕೆಗೂ ಒಂದು ಹೊಲಿಗೆ ಹಾಕಿಕೊಂಡಿದ್ದೇನೆ.

ಮೊನ್ನೆ ಶುಕ್ರವಾರ ಅವಳ ನಾಲ್ಕು ರವಿಕೆಗೆ ಒಳಗೆ ಹಿಡಿದು ಹೊಲಿಗೆ ಹಾಕಿದೆ. ಒಂದೂವರೆ ವರ್ಷದಲ್ಲಿ ಬಿಚ್ಚಿದ್ದ ಬಟ್ಟೆಯೆಲ್ಲ ಮತ್ತೆ ಒಳಗೆ ಸೇರಿ ಕಂಕುಳಲ್ಲಿ ಗಂಟಾಗಿತ್ತು. ಮಿಷನ್ ಮುಂದೆ ಇಡೀ ದಿನ ಕೈ ಆಡಿಸುವವಳಿಗೆ ಉಜ್ಜುತ್ತದೆ. ಯಾರಿಗೂ ಕತ್ತರಿ ಹಾಕದವಳು ನಾನೇ "ಕತ್ತರಿಸಿಬಿಡಲಾ?" ಎಂದು ಕೇಳಿದೆ. ಅವಳು ನಾಲ್ಕನ್ನೂ ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು "ಬ್ಯಾಡ ಅತ್ತೆ, ಇರ್ಲಿ. ಮತ್ತೆ ಬಿಚ್ಬೇಕಾಯ್ತದೆ" ಎಂದಳು. ಏಕೆ ಎಂದು ಕೇಳಿದೆ. ಅವಳು ಹೇಳುವವರೆಗೆ ನಾನು ಎದ್ದು ಹೋಗಲಿಲ್ಲ. ಕೊನೆಗೆ ಹೇಳಿದಳು. ಅದನ್ನು ಹೇಗೆ ಬರೆಯಬೇಕೋ ತೋಚುತ್ತಿಲ್ಲ. ಮೊದಲು ಎಲ್ಲರ ಸುದ್ದಿ ಮುಗಿಸುತ್ತೇನೆ.

ನವೆಂಬರ್ ಎರಡಕ್ಕೆ ಬರುವುದು ಖಂಡಿತ ತಾನೇ? ಹನ್ನೆರಡು ದಿನ ಎಂದು ಕವನ ಗೋಡೆಯ ಮೇಲೆ ಹನ್ನೆರಡು ಗೆರೆ ಎಳೆದಿದ್ದಾಳೆ. ರಸಬಾಳೆ ಒಂದು ಗೊನೆ ಸಿಗುವ ಹಾಗಿದೆ, ಹೇಳಿಟ್ಟಿದ್ದೇನೆ. ಮೂಗೂರಿಗೆ ಒಂದು ದಿನ ಹೋಗಿ ಬೀಗರನ್ನು ನೋಡಿಕೊಂಡು ಬರಬೇಕು. ಈ ಸಲ ಅವರ ಮುಂದೆ ನಾನು ತಲೆ ಎತ್ತಿ ಕೂರಬಹುದು. ಇನ್ನೊಂದು ಮಗುವಿನ ಮಾತನ್ನು ನಾನು ಇನ್ನು ಎತ್ತುವುದಿಲ್ಲ. ನಿಮಗೆ ಯಾವಾಗ ಬೇಕೋ ಆವಾಗ, ಬೇಡದಿದ್ದರೆ ಕವನ ಒಬ್ಬಳೇ ಸಾಕು, ನಾಲ್ಕು ಜನರ ಬಾಯಿ ಅವಳಿಗೊಬ್ಬಳಿಗೇ ಇದೆ. ಮಳೆಯಲ್ಲಿ ಹಳಿಯ ಮೇಲೆ ಹುಷಾರು. ತಲೆ ಮೇಲೆ ಟವೆಲ್ ಕಟ್ಟಿಕೊಂಡು ಕಿವಿ ಮುಚ್ಚಿಕೊಳ್ಳಬೇಡ, ಹಿಂದೆ ಗಾಡಿ ಬಂದದ್ದು ಕೇಳಬೇಕು. ನಿಮ್ಮಪ್ಪನ ಆಶೀರ್ವಾದ, ಕವನಳ ಮುತ್ತು, ನಿನ್ನ ಕಾಲಿಗೆ ಎಣ್ಣೆ. ಬುದ್ಧ ನಿನಗೆ ಒಳ್ಳೆಯ ಬುದ್ಧಿಯನ್ನೂ ಗಟ್ಟಿ ಮೈಯನ್ನೂ ಕೊಡಲಿ.

ನಿನ್ನ ಅವ್ವ,
ಮಂಗಳಮ್ಮ

ವಿ.ಸೂ.: ಪವಿತ್ರ ನಲ್ಲಿ ನೀರಿಗೆ ಹೋಗಿದ್ದಾಳೆ, ಬರುವುದರೊಳಗೆ ಬರೆದುಬಿಡುತ್ತೇನೆ. ರಜೆಗೆ ಬರುವ ಮುಂಚೆ ಮತ್ತೆ ಇಂಜೆಕ್ಷನ್ ಹಾಕಿಸಿಕೋ ಎಂದು ನೀನು ಹೇಳಿದೆಯಂತೆ. ಈ ಗುರುವಾರ ಹೋಗುವುದಿತ್ತು. ನಿನಗೆ ಬೇಕಾ ಎಂದು ನಾನು ಕೇಳಿದೆ. "ಬ್ಯಾಡ ಅತ್ತೆ, ಆದ್ರೆ ಅವ್ರಿಗೆ ಎಂಗೆ ಇಲ್ಲ ಅನ್ಲಿ" ಎಂದಳು. ನೀನು ಕೇಳಿದರೆ ಅವಳು ಇಲ್ಲ ಎನ್ನುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಗುರುವಾರ ಅವಳು ಹೋಗುವುದಿಲ್ಲ. ಗುರುಸಿದ್ದಮ್ಮನಿಗೆ ಅವಳೇ ತಿಳಿಸಿದ್ದಾಳೆ. ಒಂದೂವರೆ ವರ್ಷ ಅವಳ ಸರದಿ ಆಯಿತು, ಇನ್ನು ನಿನ್ನದು. ಗಂಡಸರು ಬಳಸುವ ಪ್ಯಾಕೆಟ್ ಇರುತ್ತದಲ್ಲ, ಅದನ್ನು ಬರುವಾಗ ಗಾಡಿ ಬದಲಿಸುವ ಹುಬ್ಬಳ್ಳಿಯಲ್ಲೇ ತೆಗೆದುಕೊಂಡು ಬಾ. ಇಲ್ಲಿ ಶಿವಮಲ್ಲಪ್ಪನ ಅಂಗಡಿಗೆ ಹೋಗಬೇಡ, ಅವನ ಬಾಯಿ ಸುಮ್ಮನಿರುವುದಿಲ್ಲ. ಇದಕ್ಕೆ ಉತ್ತರ ಬರೆಯಬೇಡ, ತಂದರೆ ಸಾಕು.

ಇವತ್ತು ಬೆಳಿಗ್ಗೆ ಆ ನಾಲ್ಕು ರವಿಕೆಗಳ ಒಳಗಿನ ಬಟ್ಟೆ ಕತ್ತರಿಸಿದೆವು. ಹಿಡಿದುಕೊಂಡವಳು ನಾನು, ಕತ್ತರಿ ಹಾಕಿದವಳು ಅವಳು. ಮುಂದೆ ಬಸುರಿಯಾದರೆ ಹೊಸದು ಹೊಲಿಯುತ್ತೇನೆ, ಇದರಲ್ಲಿ ಬಿಚ್ಚುವುದಕ್ಕೆ ಇನ್ನು ಏನೂ ಉಳಿದಿಲ್ಲ. ಒಂದು ತುಂಡನ್ನು ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ. ನೀನು ಮೊದಲ ಸಂಬಳದಲ್ಲಿ ತಂದ ಹಸಿರು ಸೀರೆಯ ರವಿಕೆಯದು. ಜೇಬಿನಲ್ಲಿಟ್ಟುಕೋ.